ಹುಣಸೆಮರ, ಮುಸುವ ಮತ್ತು ದೊಡ್ಡವ್ವ

ಮೊನ್ನೆ ಅಟ್ಟದ ಮೇಲಿನ ಜಾಡಿಯ ಮುಚ್ಚಳ ತೆಗೆದೆ. ಹಳೆ ಹುಣಸೆಹಣ್ಣಿನ ವಾಸನೆ ಮೂಗಿಗೆ ಅಡರಿತು. ಹಣ್ಣು ಕಾಡಿಗೆಯಷ್ಟು ಕಪ್ಪಾಗಿದೆ. "ಅತ್ತಿ, ಇನ್ನೂ ಯಾಕ ಇಟ್ಕೊಂಡೀರಿ, ಚೆಲ್ರಿ" ಅಂದಳು ಸೊಸೆ. ಕಂಪ್ಲಿಯ ನಮ್ಮ ಪಕ್ಕದ ಮನೆ ದೊಡ್ಡವ್ವ ಕೊಟ್ಟ ಹಣ್ಣು ಅದು...

ನನಗಾಗ ಒಂಬತ್ತು ವರ್ಷ. ಪ್ಲೇಗು ಬಂದು, ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ನಮ್ಮದೂ ದೊಡ್ಡವ್ವನದೂ ಒಂದೇ ಹುಣಸೆಮರದ ಕೆಳಗೆ. ಅವಳ ಗಂಡ ಮೊದಲೇ ತೀರಿದ್ದ. ಇದ್ದವಳು ಒಬ್ಬಳೇ ಮಗಳು, ನನ್ನ ಓರಗೆಯವಳು. ಅಬ್ಬಾ, ಆ ದೊಡ್ಡವ್ವನ ಬಾಯಿ! ಮರಕ್ಕೂ ಬೈಯುತ್ತಿದ್ದಳು, ಮರದ ಮೇಲಿನ ಕರಿಮೂತಿ, ಉದ್ದಬಾಲದ ಮುಸುವಗಳಿಗೂ ಬೈಯುತ್ತಿದ್ದಳು.

ಆ ಗುಂಪಿನಲ್ಲೊಂದು ತಾಯಿ ಮುಸುವ ಸತ್ತ ಮರಿಯನ್ನು ಎದೆಗವಚಿಕೊಂಡು ಮೂರು ದಿನದಿಂದ ತಿರುಗುತ್ತಿತ್ತು. ಉದ್ದನೆಯ ಗಳದಿಂದ ಹುಣಸೆ ಬಡಿಯುತ್ತಿದ್ದ ದೊಡ್ಡವ್ವ ಕೈ ನಿಲ್ಲಿಸಿ ನಮ್ಮಿಬ್ಬರಿಗೆ ಹೇಳಿದಳು: "ನೋಡ್ರವ್ವಾ, ಈ ಮರ ಭಾಳ ಶಾಣ್ಯಾ. ಎಷ್ಟ ದಿನ ಹಿಡ್ಕೊಂಡ್ರೂ ಬಡಿದಾಗ ಕಾಯಿ ಬಿಡ್ತೈತಿ. ಆ ಮುಸವಕ್ಕ ಬುದ್ಧಿ ಇಲ್ಲ, ಹೋದದ್ದನ್ನ ಹೊತ್ಕೊಂಡು ಅಡ್ಡಾಡ್ತೈತಿ." ನಾವು ನಕ್ಕೆವು.

ವಾರದೊಳಗೆ ಅವಳ ಮಗಳಿಗೆ ಜ್ವರ ಬಂತು. ಜ್ವರದವರನ್ನು ಹೊಳೆದಂಡೆಯ ಬೇರೆ ಗುಡಿಸಲಿಗೆ ಒಯ್ಯುವುದು ಆಗಿನ ಕಟ್ಟಳೆ. ಜೊತೆಗೆ ಯಾರನ್ನೂ ಬಿಡುತ್ತಿರಲಿಲ್ಲ. ದೊಡ್ಡವ್ವ ಅವಳನ್ನು ಹುಣಸೆ ಚೀಲಗಳ ಹಿಂದೆ ಮಲಗಿಸಿ, "ಯಾರ ಮುಂದೂ ಹೇಳಬ್ಯಾಡ ನನ್ನವ್ವ" ಎಂದು ನನ್ನ ಗದ್ದ ಹಿಡಿದಳು. ಎರಡು ದಿನ ತಡೆದೆ. ಗೆಳತಿ ನರಳುವುದನ್ನು ಕೇಳಲಾರದೆ ನಮ್ಮವ್ವನ ಮುಂದೆ ಹೇಳಿಬಿಟ್ಟೆ. ಔಷಧ ಕೊಟ್ಟಾರು ಅಂದುಕೊಂಡಿದ್ದೆ... ಮಧ್ಯಾಹ್ನಕ್ಕೆ ಡೋಲಿ ಬಂತು. ದೊಡ್ಡವ್ವನ ಕೈ ಬಿಡಿಸಲು ನಾಲ್ಕು ಜನ ಬೇಕಾದರು. ಮಗಳು ತಿರುಗಿ ಬರಲಿಲ್ಲ. ಮಣ್ಣು ಮಾಡುವ ಮುಂಚೆ ಮುಖವನ್ನೂ ತೋರಿಸಲಿಲ್ಲ.

ಊರಿಗೆ ಮರಳಿದ ಮೇಲೆ ದೊಡ್ಡವ್ವನ ಬಾಯಿ ಕಟ್ಟಿಹೋಯಿತು. ಆದರೂ ಪ್ರತಿ ವರ್ಷ ಆ ಮರದ ಹಣ್ಣು ನಮ್ಮ ಮನೆಗೆ ತಪ್ಪದೆ ಬರುತ್ತಿತ್ತು. ನಾನು ಮದುವೆಯಾಗಿ ಹೊಸಪೇಟೆಗೆ ಹೊರಟ ದಿನ ಈ ಜಾಡಿ ತುಂಬಿ ಕೊಟ್ಟು ಅಂದಳು: "ಶಾಣ್ಯಾಕಿ ಅಂದ್ರ ಆ ಮುಸವ ನೋಡವ್ವ. ತಾನಾಗೇ ಬಿಡೂತನಕ ತನ್ನ ಕೂಸನ್ನ ಯಾರ ಕೈಗೂ ಕೊಡಲಿಲ್ಲ."

ಹೇಳಿದ್ದು ನಾನೇ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ... ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಅವಳು ಹೋಗಿ ಎಷ್ಟೋ ವರ್ಷಗಳಾದವು. ಇನ್ನು ಯಾರನ್ನು ಕೇಳಲಿ? ಮುಚ್ಚಳ ಹಾಕಿ ಜಾಡಿಯನ್ನು ಸೊಸೆಯ ಕೈಗಿತ್ತೆ. "ಚೆಲ್ಲಲೇನ್ರಿ?" ಅಂದಳು.

"ಬ್ಯಾಡ. ಇದ್ದಲ್ಲೇ ಇಡು" ಅಂದೆ.