ಬದುಕಿದ್ದವನ ಶಿಲುಬೆ

ಲಾವ್ರಿನ್ ಝುರ್ಬಾ ತನ್ನ ಸಮಾಧಿಯ ಮೇಲಿಟ್ಟ ಮೊಟ್ಟೆಯನ್ನು ಏಳು ವರ್ಷ ತಾನೇ ತಿಂದ. ಇಡುತ್ತಿದ್ದವಳು ಅವನ ಹೆಂಡತಿ ಮೆಲಾನ್ಕಾ.

ಅವನು ಹುಟ್ಟಿದ್ದು ವೋವ್ಚಾ ಹೊಳೆಯ ದಂಡೆಯಲ್ಲಿ, ಬಂಡಿ ಮಾಡುವವರ ಮನೆಯಲ್ಲಿ. ಓದು ಕಲಿತದ್ದು ಚಕ್ರವರ್ತಿಯ ಜೈಲಿನಲ್ಲಿ. ಹೊರಬಂದವನು ಒಡೆಯನೂ ಬೇಡ, ಸರ್ಕಾರವೂ ಬೇಡ ಎಂದು ಕಪ್ಪು ಬಾವುಟ ಎತ್ತಿದ್ದ ರೈತರ ದಂಡಿಗೆ ಸೇರಿದ. ಅಲ್ಲಿ ಕೋವಿಗಿಂತ ಪೆನ್ಸಿಲ್ ಹಿಡಿದದ್ದೇ ಹೆಚ್ಚು. ಯಾರು ಎಲ್ಲಿ ಬಿದ್ದರು, ಯಾರ ಮಗ, ಬೀಳುವಾಗ ಏನೆಂದರು, ಎಲ್ಲ ಬರೆದಿಟ್ಟ. ಬರೆದದ್ದು ಮೂರು ಸಲ ಕಳೆಯಿತು. ಒಮ್ಮೆ ಬಂಡಿಯೊಡನೆ ಹೊಳೆಯ ಪಾಲು, ಒಮ್ಮೆ ಬೆಂಕಿಯ ಪಾಲು, ಮೂರನೆಯ ಸಲ ಹಸಿದ ಕುದುರೆಗಳು ಹುಲ್ಲಿನ ಜೊತೆ ಮೇದುಬಿಟ್ಟವು. ದಂಡು ಸೋತು ಚೆದರಿದ ಮೇಲೆ ಮನೆಗೆ ಬಂದು, ನಾಲ್ಕನೆಯ ಸಲ ನೆನಪಿನಿಂದಲೇ ಬರೆಯಲು ಕೂತ. ಅದು ಹೊಸ ಸರ್ಕಾರದವರ ಕೈಗೆ ಸಿಕ್ಕರೆ ಅವನ ತಲೆ ಹೋಗುತ್ತಿತ್ತು. ಮತ್ತೆ ಕಳೆದರೆ ಅಷ್ಟೂ ಜನ ಹುಟ್ಟಿಯೇ ಇರಲಿಲ್ಲ ಎಂದಾಗುತ್ತಿತ್ತು. ಲಾವ್ರಿನ್‌ಗೆ ಎರಡನೆಯದೇ ದೊಡ್ಡ ಭಯ.

ಮೆಲಾನ್ಕಾಗೆ ಅಕ್ಷರ ಬಾರದು. ಅವನು ದನದ ಕೊಟ್ಟಿಗೆಯಲ್ಲಿ ಬರೆಯುವಾಗ ಬಾಗಿಲಲ್ಲಿ ಕಾವಲು ಕೂರುತ್ತಿದ್ದಳು. "ತಳ್ಬೇಡ್ರಪ್ಪಾ, ಒಬ್ಬೊಬ್ರಾಗಿ ಹೇಳಿ" ಎಂದು ಅವನು ತಲೆ ಎತ್ತದೆ ಗೊಣಗುತ್ತಿದ್ದ. ಒಳಗೆ ಹಸು ಬಿಟ್ಟರೆ ಯಾರೂ ಇಲ್ಲ. ಹಸು ಮಾತ್ರ ಮೇವು ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತಿರುತ್ತಿತ್ತು.

ಆ ಕಡೆ ಮನೆಮನೆಯಲ್ಲೂ ಸತ್ತವರ ಹೆಸರಿನ ಪುಟ್ಟ ಪುಸ್ತಕ ಇರುತ್ತದೆ. ಈಸ್ಟರ್ ಕಳೆದು ವಾರಕ್ಕೆ ಅದನ್ನು ಸ್ಮಶಾನಕ್ಕೆ ಒಯ್ದು, ಸಮಾಧಿಯ ಮೇಲೆ ಬಣ್ಣದ ಮೊಟ್ಟೆ ಇಟ್ಟು ಓದಿಸಬೇಕು. ಒಂದೊಂದು ಹೆಸರಿಗೂ ಮನೆಯವರು "ನೆನಪು ಅಳಿಯದಿರಲಿ" ಎಂದು ಓಗೊಡಬೇಕು. ಆ ವಸಂತದಲ್ಲಿ ಮೆಲಾನ್ಕಾ ಪೆಟ್ಟಿಗೆಯಿಂದ ಕಸೂತಿ ಬಟ್ಟೆಯ ಗಂಟು ತೆಗೆದುಕೊಂಡು ಗಂಡನ ಜೊತೆ ಹೊರಟಳು. ಪೆಟ್ಟಿಗೆಯಲ್ಲಿ ಅಂಥವು ಎರಡಿದ್ದವು. ಯಾರಿಗೂ ಅನುಮಾನ ಬಾರದಿರಲೆಂದು ಗಂಡನ ಪುಸ್ತಕವನ್ನೂ ಅವಳೇ ಅಂಥದೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು.

ಚರ್ಚಿನಲ್ಲಿ ಓದುತ್ತಿದ್ದ ಪ್ರೋಕಿಪ್ ತಾತನಿಗೆ ಕಣ್ಣು ಮಂಜು. ಕೈಗೆ ಕೊಟ್ಟದ್ದನ್ನು ಓದುವವನು. ಮೂರನೆಯ ಹೆಸರಿಗೆ ಪಕ್ಕದ ಸಮಾಧಿಯ ಬಳಿ ನಿಂತಿದ್ದ ಹಾಪ್ಕಾ ತಿರುಗಿದಳು. ಅವಳ ಮಗ ದಂಡಿಗೆ ಹೋದವನು ನಾಲ್ಕು ವರ್ಷದಿಂದ ಪತ್ತೆಯಿಲ್ಲ.

"ತಾತ, ಇನ್ನೊಂದ್ಸಲ ಓದು."

"ಹಾಪ್ಕಾಳ ಮಗ ಯುಖಿಮ್. ಒಣಗಿದ ಬಾವಿ ಹತ್ರ, ಗುಂಡು ತಗಲಿ. ನೀರು ಕೇಳಿದ."

"ಕೊಟ್ರಂತಾ?"

ತಾತ ಪುಸ್ತಕವನ್ನು ಮೂಗಿಗೆ ತಂದುಕೊಂಡ. "ಕೊಟ್ರು ಅಂತ ಬರ್ದಿದೆ."

"ನೆನಪು ಅಳಿಯದಿರಲಿ," ಎಂದು ಹಾಪ್ಕಾ ಅಲ್ಲೇ ಕುಸಿದು ಕೂತಳು.

ತಾನು ತಂದದ್ದು ಗಂಡನ ಪುಸ್ತಕ ಎಂದು ಮೆಲಾನ್ಕಾಗೆ ಆಗ ತಿಳಿಯಿತು. ಲಾವ್ರಿನ್ ಪುಸ್ತಕ ಕಿತ್ತುಕೊಳ್ಳಬಹುದಿತ್ತು, ಕಿತ್ತುಕೊಳ್ಳಲಿಲ್ಲ. ಹೆಂಗಸರು ತಮ್ಮ ತಮ್ಮ ಸಮಾಧಿ ಬಿಟ್ಟು ಸುತ್ತ ಬಂದು ನಿಂತರು. ಒಂದೊಂದು ಹೆಸರಿಗೆ ಒಂದೊಂದು ಗಂಟಲು ಓಗೊಟ್ಟಿತು. ಕೊನೆಯ ಹೆಸರು ಲಾವ್ರಿನ್ ಝುರ್ಬಾ ಎಂದಿತ್ತು. ಯಾರೂ ಓಗೊಡಲಿಲ್ಲ. ಎಲ್ಲರೂ ಅವನನ್ನೇ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಕಣ್ಣು ತಗ್ಗಿಸಿದರು.

"ನಿನ್ ಹೆಸ್ರು ಯಾಕೆ ಬರ್ದೆ?" ದಾರಿಯಲ್ಲಿ ಅವಳು ಕೇಳಿದಳು.

"ಎಲ್ರದೂ ಬರ್ದು ಮುಗೀತು. ಆದ್ರೂ ಅವ್ರು ಹೋಗ್ಲಿಲ್ಲ ಮೆಲಾನ್ಕಾ, ಬೆನ್ನ ಹಿಂದೆ ಕಾಯ್ತಾನೇ ನಿಂತಿದ್ರು. ನಂದೂ ಬರ್ದೆ. ಆಗ ಹೋದ್ರು."

ಮರುದಿನ ಹಾಪ್ಕಾ ಬಾಗಿಲಿಗೆ ಬಂದಳು. "ನಾಳೆ ಲಾವ್ರಿನ್‌ಗೆ ಗುಂಡಿ ತೋಡಿಸ್ತೀವಿ. ನೀನು ಕಪ್ಪು ಬಟ್ಟೆ ಕಟ್ಕೋ."

"ನನ್ ಗಂಡ ಒಳಗೆ ಬೀಟ್‌ರೂಟ್ ಸಾರು ಕುಡೀತಾವ್ನೆ ಕಣೇ."

"ಕುಡೀಲಿ. ಸತ್ತೋರ್ಗೂ ಹಸಿವಿರುತ್ತೆ. ನನ್ ಮಗನ್ನ ತಂದ್ಕೊಟ್ಟೋನು ಅವ್ನು, ಅವ್ನನ್ನ ಸರ್ಕಾರದೋರು ಹಿಡ್ಕೊಂಡು ಹೋಗಕ್ಕೆ ಬಿಡ್ತೀವಾ?"

ಹೆಂಗಸರು ತಮ್ಮವರ ಹೆಸರುಗಳನ್ನು ತಾತನಿಂದ ತಮ್ಮ ತಮ್ಮ ಪುಸ್ತಕಕ್ಕೆ ಬರೆಸಿಕೊಂಡರು. ಲಾವ್ರಿನ್‌ನ ಹೆಸರನ್ನು ಎಲ್ಲರೂ ಬರೆಸಿಕೊಂಡರು. ಅವನ ಪುಸ್ತಕವನ್ನು ಖಾಲಿ ಶವಪೆಟ್ಟಿಗೆಯಲ್ಲಿಟ್ಟು ಹೂತು, ಶಿಲುಬೆ ನೆಟ್ಟರು. ಸುಗ್ಗಿಯ ಹೊತ್ತಿಗೆ ಅವನನ್ನು ಹುಡುಕಿಕೊಂಡು ಮೂವರು ಸರ್ಕಾರದವರು ಬಂದರು. ಇಡೀ ಊರು ಸ್ಮಶಾನದ ಕಡೆ ಕೈತೋರಿಸಿತು. ಹಾಪ್ಕಾ ಶಿಲುಬೆ ಹಿಡಿದು ಅತ್ತ ಅಳು ನಿಜದ್ದೇ, ಮಗನ ನೆನಪಿನದು. ಬಂದವರು ಟೋಪಿ ತೆಗೆದು ಹೊರಟುಹೋದರು.

ತಲೆ ಉಳಿಯಿತು, ಪುಸ್ತಕವೂ ಉಳಿಯಿತು. ಆದರೆ ಊರಿನವರಿಗೆ ಅದು ನಾಟಕವಾಗಿರಲಿಲ್ಲ. ಲಾವ್ರಿನ್ ಎದುರಾದರೆ ಮಾತಾಡಿಸುತ್ತಿರಲಿಲ್ಲ, ಶಿಲುಬೆಯ ಗುರುತು ಹಾಕಿಕೊಂಡು ದಾರಿ ಬಿಡುತ್ತಿದ್ದರು. ಬರಬರುತ್ತಾ ನಾಯಿಗಳೂ ಅವನಿಗೆ ಬೊಗಳುವುದನ್ನು ಬಿಟ್ಟವು. ಒಂದು ಮಧ್ಯಾಹ್ನ ಮೆಲಾನ್ಕಾ ಒಂದೇ ಚಮಚ ಇಟ್ಟು ಊಟಕ್ಕೆ ಕೂತಿದ್ದಳು. ಎದುರಿಗೆ ಅವನು ಸುಮ್ಮನೆ ಕೂತಿದ್ದ. ಅವತ್ತು ಅವಳಿಗೆ ತನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಪ್ರತಿ ವಸಂತದಲ್ಲೂ ಅವನು ಮುಂಚೆಯೇ ಹೋಗಿ ಸ್ಮಶಾನದ ಬೇಲಿಯ ಮುಳ್ಳುಪೊದೆಯ ಹಿಂದೆ ಕೂರುತ್ತಿದ್ದ. ಅವನ ಹೆಸರು ಬಂದಾಗ ಊರು "ನೆನಪು ಅಳಿಯದಿರಲಿ" ಎನ್ನುತ್ತಿತ್ತು, ಪೊದೆಯ ಹಿಂದಿನಿಂದ ಅವನೂ ಎನ್ನುತ್ತಿದ್ದ. ಮೆಲಾನ್ಕಾ ಮಾತ್ರ ಆ ಹೆಸರಿಗೆ ತುಟಿ ಬಿಚ್ಚುತ್ತಿರಲಿಲ್ಲ. ತಾನೊಬ್ಬಳು ಅನ್ನದಿರುವವರೆಗೆ ಅವನು ಇರುತ್ತಾನೆ ಎಂದು ಅವಳ ಲೆಕ್ಕ.

ಎಂಟನೆಯ ವರ್ಷ ತಾತ ಹೆಸರು ಓದಿದ, ಊರು ಓಗೊಟ್ಟಿತು. ಪೊದೆಯ ಹಿಂದಿನಿಂದ ದನಿ ಬರಲಿಲ್ಲ. ಮೆಲಾನ್ಕಾ ಹೋಗಿ ನೋಡಿದಳು. ಅವನು ಬೇಲಿಗೊರಗಿ ಕೂತಿದ್ದ, ಮೊಣಕಾಲ ಮೇಲಿನ ಕೈ ಆಗಲೇ ತಣ್ಣಗಾಗಿತ್ತು. ಅವಳು ಟೋಪಿ ಸರಿಮಾಡಿ ತಿರುಗಿ ಬಂದಳು. ಮಾಡಬೇಕಾದ ಕೆಲಸವೇ ಉಳಿದಿರಲಿಲ್ಲ. ಶವಪೆಟ್ಟಿಗೆ ಇತ್ತು, ಶಿಲುಬೆ ಇತ್ತು, ತಲೆಯಡಿ ಇಡಲು ಪುಸ್ತಕವೂ ಇತ್ತು.

"ತಾತ, ಇನ್ನೊಂದ್ಸಲ ಓದು," ಎಂದಳು.

ತಾತ ಓದಿದ. ಊರು ಅವಳ ಕಡೆ ತಿರುಗಿತು.

"ನೆನಪು ಅಳಿಯದಿರಲಿ," ಎಂದಳು ಮೆಲಾನ್ಕಾ.