ನಾನು ಉಂಡ ಮೂರನೇ ಅಧ್ಯಾಯ

ಕಳೆದ ಶನಿವಾರ ಮಧ್ಯಾಹ್ನ ನಾನು ಒಂದು ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯವನ್ನು ಉಂಡೆ. ಎರಡು ಸಲ ಹಾಕಿಸಿಕೊಂಡೆ. ಬೆಲ್ಲ ಹದವಾಗಿತ್ತು. ಏಲಕ್ಕಿ ತುಸು ಹೆಚ್ಚಾಗಿತ್ತು.

ಗಾಬರಿಯಾಗಬೇಡಿ. ವಿವರವನ್ನು ಅನುಕ್ರಮವಾಗಿ ಕೊಡುತ್ತೇನೆ.

ನಮ್ಮ ಸೊಸೆ ಸೌಮ್ಯಾ ಸಂಶೋಧನೆ ಮಾಡುತ್ತಾಳೆ. ಗದಗ ಬೇರೆ ಜಿಲ್ಲೆಯಾದ ಮೇಲೆ ಧಾರವಾಡದ ಬಸ್ಸು ಹತ್ತುವ ಕೆಲಸ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆಕೆ ವಾರಕ್ಕೆ ಮೂರು ಸಲ ಹತ್ತುತ್ತಾಳೆ. ಅಲ್ಲಿ ಲ್ಯಾಬಿನಲ್ಲಿ ಕೂತು ಹೆಸರುಕಾಳಿನೊಳಗಿನ ಪ್ರೋಟೀನ್ ಹುಡುಕುತ್ತಾಳೆ. (ಹೆಸರುಕಾಳಿನಲ್ಲಿ ಪ್ರೋಟೀನ್ ಇದೆ ಎಂಬುದು ನಮ್ಮ ಬೆಟಗೇರಿಯ ಜಿಮ್ಮಿನ ಹುಡುಗರಿಗೂ ಗೊತ್ತು, ಅದಕ್ಕೆ ಪಿಎಚ್.ಡಿ. ಯಾಕೆ ಎಂದು ನಾನೂ ಕೇಳಿದ್ದೆ.)

ಆಕೆ ವಿವರಿಸಿದ್ದು ಇಷ್ಟು. ಕಾಳು ಮಣ್ಣಿಗೆ ಬಿದ್ದ ಮೇಲೆ ಬೇರು ಬಿಟ್ಟು ಎಲೆ ತೆರೆಯುವವರೆಗೆ ಮೊಳಕೆಗೆ ಊಟ ಬೇಕಲ್ಲ? ತಾಯಿಗಿಡ ಆ ಊಟವನ್ನು ಕಾಳಿನೊಳಗೇ ಬುತ್ತಿ ಕಟ್ಟಿ ಇಟ್ಟಿರುತ್ತದೆ. ಅದರಲ್ಲಿ ಮುಖ್ಯವಾದದ್ದು ಸಂಗ್ರಹ ಪ್ರೋಟೀನ್. ಕಾಳನ್ನು ಹಿಟ್ಟು ಮಾಡಿ, ಉಪ್ಪುನೀರಿನಲ್ಲಿ ಕರಗಿಸಿ, ಜೆಲ್ ಎಂಬ ತೆಳುವಾದ ಪದರಿನಲ್ಲಿ ಕರೆಂಟು ಹಾಯಿಸಿದರೆ ಆ ಪ್ರೋಟೀನುಗಳು ಗಾತ್ರದ ಪ್ರಕಾರ ಬೇರೆ ಬೇರೆ ಗೆರೆಗಳಾಗಿ ನಿಲ್ಲುತ್ತವೆ. ಫೋಟೋ ತೋರಿಸಿದಳು. ಬೆಟಗೇರಿ ಸೀರೆಯ ಅಂಚಿನ ಪಟ್ಟಿಯ ಹಾಗಿತ್ತು. ತಳಿ ಬದಲಾದರೆ ಪಟ್ಟಿಯೂ ಬದಲಾಗಬಹುದಂತೆ.

ಆಕೆಗೆ ಬೇಕಿದ್ದುದು ಹಮ್ಮಿಗಿಯ ನೀಲವ್ವನ ಮನೆಯ ಹೆಸರುಕಾಳು. ಪತ್ರಿಕೆಯ ವರದಿಗೆಂದು ಮುಂಡರಗಿ ಕಡೆ ತಿರುಗುವಾಗ ನನಗೆ ಪರಿಚಯವಾದ ಮನೆ ಅದು. ಅತ್ತೆಯ ಕಾಲದಿಂದ ಒಂದೇ ಬೀಜ. ಪ್ರತಿ ವರ್ಷ ಬಿತ್ತುತ್ತಾರೆ, ಬೆಳೆದದ್ದರಲ್ಲಿ ಒಳ್ಳೆಯ ಕಾಳು ಆರಿಸಿ, ಬೂದಿ ಕಲಸಿ ಗಡಿಗೆಯಲ್ಲಿ ಇಡುತ್ತಾರೆ. ಅದಕ್ಕೆ ಹುಳು ಬೀಳುವುದಿಲ್ಲ ಎಂಬುದು ನೀಲವ್ವನ ಮಾತು. ಕಾರಣ ಬೂದಿಯೋ, ಕಾಳಿನ ಪ್ರೋಟೀನೋ? ಇದೇ ಮೂರನೇ ಅಧ್ಯಾಯ. ಆ ಬೀಜ ಈಗ ಬೇರೆ ಯಾರ ಮನೆಯಲ್ಲೂ ಉಳಿದಿಲ್ಲ. ತಿಂಗಳ ಕೊನೆಯೊಳಗೆ ಫಲಿತಾಂಶ ಕೊಡದಿದ್ದರೆ ಆ ಅಧ್ಯಾಯವನ್ನೇ ಕೈಬಿಡಿ ಎಂದು ಗೈಡ್ ಹೇಳಿಬಿಟ್ಟಿದ್ದರು.

ಶುಕ್ರವಾರ ಮಾವ-ಸೊಸೆ ಇಬ್ಬರೂ ಹೋದೆವು. ತಪ್ಪು ಅಲ್ಲಿಂದಲೇ ಶುರು.

ಶುಕ್ರವಾರ ಮನೆಯ ಬೀಜ ಹೊಸ್ತಿಲು ದಾಟುವಂತಿಲ್ಲ. ಲಕ್ಷ್ಮಿಯನ್ನೇ ಕಳಿಸಿಕೊಟ್ಟ ಹಾಗೆ. ನೀಲವ್ವ ಖಡಾಖಂಡಿತವಾಗಿ ಹೇಳಿದರು. ಸೌಮ್ಯಾಳ ಮುಖ ಸಣ್ಣದಾಯಿತು. ಅದನ್ನು ನೋಡಿ ನೀಲವ್ವನ ಮನಸ್ಸು ಕರಗಿತು, ನಿಯಮ ಕರಗಲಿಲ್ಲ. ಬೀಜ ಕೊಡಬಾರದು ಖರೆ, ಆದರೆ ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬಲು ಶುಕ್ರವಾರಕ್ಕಿಂತ ಒಳ್ಳೆಯ ದಿನ ಯಾವುದು ಎಂದರು. ಸೌಮ್ಯಾ ಚೂಡಿದಾರದಲ್ಲಿದ್ದಳು. ದುಪಟ್ಟಾವನ್ನೇ ಸೆರಗು ಎಂದು ಒಪ್ಪಿಕೊಂಡು, ಮಣೆಯ ಮೇಲೆ ಕೂರಿಸಿ, ಎರಡು ಬೊಗಸೆ ಹೆಸರು, ಒಣಕೊಬ್ಬರಿ, ಉತ್ತತ್ತಿ, ಅರಿಶಿನ ಕೊಂಬು, ಮೇಲೊಂದು ಕುಪ್ಪಸದ ಖಣ ಹಾಕಿ ಉಡಿ ತುಂಬಿದರು.

ಇಂಥ ಉಪಾಯ ನಮ್ಮ ಜಿಲ್ಲಾ ಕೋರ್ಟಿನ ಎಷ್ಟು ವಕೀಲರಿಗೆ ಹೊಳೆದೀತು?

ಮನೆಗೆ ಬಂದ ಸೌಮ್ಯಾ ಗಂಟನ್ನು ದೇವರ ಜಗಲಿಯ ಮೇಲಿಟ್ಟಳು. ಶನಿವಾರ ಬೆಳಿಗ್ಗೆ ಇನ್ನೊಂದು ಸ್ಯಾಂಪಲ್ ತರಲು ಶಿರಹಟ್ಟಿಗೆ ಹೋದಳು.

ಉಡಿಯ ನಿಯಮ ನಿಮಗೂ ಗೊತ್ತಿದೆ. ಉಡಿಯಲ್ಲಿ ಬಿದ್ದದ್ದನ್ನು ಹೊರಗಿನವರಿಗೆ ಕೊಡಬಾರದು, ಇಟ್ಟು ಕೆಡಿಸಬಾರದು. ಸಿಹಿ ಮಾಡಿ ಮನೆಯವರೇ ಉಣ್ಣಬೇಕು. ನನ್ನ ಹೆಂಡತಿ ನಿಯಮ ಪಾಲಿಸಿದಳು. ಆಕೆಯ ಅಪರಾಧ ಅಷ್ಟೇ. ಹೆಸರು ಹುರಿದು, ಬೇಯಿಸಿ, ಅದೇ ಕೊಬ್ಬರಿ ತುರಿದು ಹಾಕಿ ಪಾಯಸ ಮಾಡಿದಳು. ಸುದ್ದಿಯ ಮೂಲ ಯಾವುದು ಎಂದು ಕೇಳುವುದು ನನ್ನ ಕಸುಬು. ಪಾಯಸದ ಮೂಲವನ್ನು ಯಾವ ಪತ್ರಕರ್ತ ಕೇಳಿದ್ದಾನೆ?

ಮಧ್ಯಾಹ್ನ ಸೌಮ್ಯಾ ಬಂದಳು. ಹಸಿದಿದ್ದಳು, ನಮ್ಮ ಜೊತೆಗೇ ಉಂಡಳು. ಪಾಯಸ ಚೆನ್ನಾಗಿದೆ ಎಂದಳು. ಕೈ ತೊಳೆದು ಜಗಲಿಯ ಕಡೆ ನೋಡಿದಳು.

“ಅತ್ತಿ, ಉಡಿಗಂಟ ಎಲ್ಲಿ?”

“ಈಗ ಉಂಡ್ಯಲ್ಲ, ಅದ ಮತ್ತ.”

ಸೌಮ್ಯಾ ಪಾತ್ರೆಯ ಮುಚ್ಚಳ ತೆಗೆದಳು. ಬೆಂಕಿ ತಾಗಿದ ಪ್ರೋಟೀನು ಮೊಟ್ಟೆಯ ಬಿಳಿಭಾಗದ ಹಾಗೆ ಗಟ್ಟಿಯಾಗುತ್ತದೆ, ಇನ್ನು ಉಪ್ಪುನೀರಿನಲ್ಲಿ ಕರಗುವುದಿಲ್ಲ ಎಂದು ಪಾತ್ರೆಯ ತಳ ನೋಡುತ್ತ ಹೇಳಿದಳು. ನನ್ನ ಹೆಂಡತಿ ತಪ್ಪು ಎಲ್ಲಾಯಿತು ಎಂದು ತಿಳಿಯದೆ, ಸಮಾಧಾನಕ್ಕೆಂದು ಇನ್ನಷ್ಟು ಬಡಿಸಲು ಹೋದಳು. ಅಷ್ಟರಲ್ಲಿ ಗೈಡ್ ಅವರ ಫೋನ್ ಬಂತು. ಹಮ್ಮಿಗಿಯ ಸ್ಯಾಂಪಲ್ ತಂಪಾದ ಜಾಗದಲ್ಲಿ ಇಟ್ಟಿದ್ದೀರಾ ಎಂದು ವಿಚಾರಿಸಿದರಂತೆ. ಆಕೆ ನನ್ನನ್ನು ಒಮ್ಮೆ ನೋಡಿ, ಇಲ್ಲ ಸರ್ ಎಂದಳು.

ಸೋಮವಾರ ಮತ್ತೆ ಹಮ್ಮಿಗಿ. ಎತ್ತಿಗೆ ಬಿಡುವಿನ ದಿನ, ನೀಲವ್ವ ಮನೆಯಲ್ಲೇ ಸಿಕ್ಕರು. ಆದರೆ ಶನಿವಾರ ಹದವಾದ ಮಳೆಯಾಗಿ, ಭಾನುವಾರವೇ ಹೆಸರು ಬಿತ್ತಿ ಮುಗಿಸಿದ್ದರು. ಹೊಲದಲ್ಲಿ ಕೆದರಿ ನಾಲ್ಕು ಕಾಳು ತೆಗೆಯೋಣವೇ ಎಂದೆ. ನೀರು ಕುಡಿದ ಕಾಳು ಬುತ್ತಿ ಬಿಚ್ಚಲು ಶುರು ಮಾಡಿರುತ್ತದೆ, ತನ್ನ ಕೆಲಸಕ್ಕೆ ಬಾರದು ಎಂದಳು ಸೊಸೆ.

ನಡೆದದ್ದನ್ನೆಲ್ಲ ಕೇಳಿ ನೀಲವ್ವನಿಗೆ ಸಂತೋಷವೇ ಆಯಿತು. ಉಡಿ ತುಂಬಿದ್ದು ಸಾರ್ಥಕ, ನಿಮ್ಮ ಮನೆಯವರು ತಿಳಿದವರು ಎಂದು ನನ್ನ ಹೆಂಡತಿಯನ್ನು ಹೊಗಳಿದರು. ಹಾಗಿದ್ದರೆ ಈ ಹುಡುಗಿಯ ಮುಖ ಯಾಕೆ ಬಾಡಿದೆ ಎಂದು ಕೇಳಿದರು. ಸೌಮ್ಯಾ ಮೆಲ್ಲಗೆ, ಕಾಳನ್ನು ಹಿಟ್ಟು ಮಾಡಬೇಕಿತ್ತು ಎಂದಳು.

“ಬೀಸಾಕ ಒಯ್ದಿದ್ದೇನವ್ವಾ? ನಾ ಬಿತ್ತಾಕ ಅಂತ ತಿಳಕೊಂಡಿದ್ದೆ. ಅದಕಿಂತ ಪಾಯಸಾನ ಚಲೋ ಆತು ಬಿಡು.”

ಹಾಗೆಂದವರು ಒಳಗೆ ಹೋಗಿ ಗಡಿಗೆ ಹಿಡಿದು ಬಂದರು. ಬೀಜದ ಗಡಿಗೆಯನ್ನು ಪೂರ್ತಿ ಬರಿದು ಮಾಡುವ ಪದ್ಧತಿ ಆ ಮನೆಯಲ್ಲಿಲ್ಲ. ತಳದಲ್ಲಿ ಒಂದು ಹಿಡಿ ಉಳಿಸುತ್ತಾರೆ. ಬಿತ್ತಿದ್ದು ಹುಟ್ಟದಿದ್ದರೆ ಆ ಮನೆತನದ ಹೆಸರು ಉಳಿಯುವುದು ಆ ಹಿಡಿಯಲ್ಲಷ್ಟೇ. ನೀಲವ್ವ ಅದನ್ನು ಅಂಗೈಗೆ ಸುರಿದುಕೊಂಡು ಎರಡು ಪಾಲು ಮಾಡಿದರು. ಅರ್ಧ ಗಡಿಗೆಗೆ ಹೋಯಿತು, ಅರ್ಧ ಕಾಗದದ ಪೊಟ್ಟಣವಾಯಿತು. ನಾನು ಕೈ ಚಾಚಿದೆ. ಪೊಟ್ಟಣ ನನ್ನ ಕೈಯನ್ನು ದಾಟಿ ಸೌಮ್ಯಾಳ ಕೈಗೆ ಹೋಯಿತು.

ಅಷ್ಟು ಕೊಟ್ಟವರಿಗೆ ಸುಳ್ಳು ಭರವಸೆ ಕೊಡಬಾರದೆಂದು ಸೌಮ್ಯಾ ಇದ್ದದ್ದನ್ನು ಹೇಳಿದಳು. ಪರೀಕ್ಷೆ ಮಾಡಿದ ಮೇಲೆ ಇದರ ಗೆರೆಯೂ ಬಜಾರದ ಹೆಸರುಕಾಳಿನ ಗೆರೆಯೂ ಒಂದೇ ಎಂದು ಬರಬಹುದು. ಇದರಲ್ಲಿ ವಿಶೇಷ ಏನೂ ಇಲ್ಲ ಎಂದೇ ಬರೆಯಬೇಕಾಗಬಹುದು.

ನೀಲವ್ವ ಗಡಿಗೆಯ ಬಾಯಿಗೆ ಅರಿವೆ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

“ಹಂಗ ಬಂದ್ರ ನಿಮ್ಮ ಮಷೀನ್ ಕೆಟ್ಟೈತಿ ಅಂತ ತಿಳಕೊ. ರಿಪೇರಿ ಮಾಡಿಸು.”

ಇಷ್ಟು ವರ್ಷ ನಾನು ಬರೆದ ವರದಿಗಳಲ್ಲಿ ಒಂದರ ಮೇಲಾದರೂ ನನಗೆ ಇಂಥ ನಂಬಿಕೆ ಇದೆಯೇ?