ರೆಕ್ಕೆ ಹಿಡಿಯುವವಳನ್ನು ಕೇಳದೆ ಕೊಂಡ ವಿಮಾನ

ಬೆಳಗಿನ ಐದು ಗಂಟೆ. ತಮಿಳು ಸೀಮೆಯ ಕಾರಿಮಂಗಲಂ ಆಚೆಯ ಬಂಡೆಗುಡ್ಡಗಳ ನಡುವೆ ಒಂದು ಖಾಸಗಿ ರನ್‌ವೇ, ಅದರ ಪಕ್ಕದಲ್ಲಿ ಒಂಟಿ ತಗಡಿನ ಕೋಣೆ. ಹದಿನಾರು ಕಿಲೋ ತೂಗುವ ಬ್ಯಾಟರಿಯನ್ನು ಎದೆಗವಚಿಕೊಂಡು ಪಳನಿಯಮ್ಮ ಅದರಿಂದ ಹೊರಬರುತ್ತಾರೆ. ಎಂಬತ್ತು ಹೆಜ್ಜೆ ನಡೆದು ಅದನ್ನು ಗ್ಲೈಡರಿನ ಹೊಟ್ಟೆಯೊಳಗೆ ಕೂರಿಸಿ, ಎರಡನೆಯದನ್ನು ತರಲು ಹಿಂತಿರುಗುತ್ತಾರೆ. ಆಮೇಲೆ ರೆಕ್ಕೆ ಒಡಲಿಗೆ ಕೂಡುವ ಸಂದಿಗೆ ಬಿಳಿ ಟೇಪು ಅಂಟಿಸಿ, ಅದರ ಉದ್ದಕ್ಕೂ ಬೆರಳಾಡಿಸುತ್ತಾರೆ. ಎಡಪ್ಪಾಡಿಯ, ತಮಿಳು ಬೆರೆಸಿ ಕನ್ನಡವಾಡುವ ನೇಕಾರರ ಮನೆಯ ಮಗಳು. ಮಗ್ಗದ ಹಾಸಿನಲ್ಲಿ ಕಡಿದ ಎಳೆಯನ್ನು ಕಣ್ಣಿನ ಹಂಗಿಲ್ಲದೆ ಹುಡುಕುತ್ತಿದ್ದ ಬೆರಳುಗಳವು.

ಸಾಮಾನ್ಯ ಗ್ಲೈಡರಿಗೆ ಎಂಜಿನ್ ಇರುವುದಿಲ್ಲ. ಹಗ್ಗ ಕಟ್ಟಿ ಎಳೆದು ಮೇಲೇರಿಸಿದರೆ ಅದು ಗಾಳಿಯಲ್ಲಿ ತೇಲುತ್ತದೆ. ಪಳನಿಯಮ್ಮನ ಮುಂದಿರುವುದು ಬೇರೆ ಜಾತಿಯದು. ಬ್ಯಾಟರಿ ಮೋಟಾರಿನಿಂದ ತಾನೇ ಮೇಲೇರಿ, ಆಮೇಲೆ ಮೋಟಾರು ನಿಲ್ಲಿಸಿ ತೇಲುವಂಥದ್ದು. ಹಾರಲು ಯಾರ ಸಹಾಯವೂ ಬೇಡ ಎಂದು ಇದರ ಜಾಹೀರಾತಿನಲ್ಲಿ ಬರೆದಿದ್ದಾರೆ. ಹಾಗೆ ಬರೆದ ಮಹಾನುಭಾವನನ್ನು ಒಂದು ದಿನ ಇಲ್ಲಿಗೆ ಕರೆತಂದು, ಅರವತ್ತೈದು ಕಿಲೋ ರೆಕ್ಕೆಯ ತುದಿಯನ್ನು ಹೆಗಲಿಗೆ ಕೊಡಬೇಕು.

ಪಳನಿಯಮ್ಮನಿಗೆ ನಲವತ್ತಾರು. ಮನೆಯ ಕೈಮಗ್ಗ ನಿಂತ ವರ್ಷ ಈ ಹಾರಾಟದ ಕ್ಲಬ್ಬಿಗೆ ಕಸ ಗುಡಿಸಲು ಬಂದವರು. ಮೊದಲು, ಏಳುವಾಗ ವಿಮಾನ ವಾಲದಂತೆ ರೆಕ್ಕೆಯ ತುದಿ ಹಿಡಿದು ಜೊತೆಗೆ ಓಡುವುದನ್ನು ಕಲಿತರು, ನಂತರ ರೆಕ್ಕೆ ಕಳಚಿ ಜೋಡಿಸುವುದನ್ನು. ಹನ್ನೊಂದು ವರ್ಷವಾಯಿತು. ಈಗ ಇವರು ಬಾರದಿದ್ದರೆ ಅಲ್ಲಿ ಯಾವುದೂ ಹಾರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಇವರು ಇವತ್ತಿಗೂ ಕಸ ಗುಡಿಸುವವರೇ.

ಎರಡು ವರ್ಷದ ಹಿಂದೆ, ಹಳೆಯದೊಂದು ಎಲೆಕ್ಟ್ರಿಕ್ ಗ್ಲೈಡರ್ ಕೊಳ್ಳುವ ಮಾತು ಬಂದಾಗ, ಕ್ಲಬ್ಬಿನ ಕಾರ್ಯದರ್ಶಿ ಮೋಹನ್‌ರಾಜ್ ಅವರನ್ನು ಪಳನಿಯಮ್ಮ ಒಂದಷ್ಟು ಕೇಳಿದ್ದರು. ಬ್ಯಾಟರಿಗೆ ಎಷ್ಟು ವಯಸ್ಸಾಗಿದೆ? ಕೆಟ್ಟರೆ ಹೊಸದು ಹಡಗಿನಲ್ಲೇ ಬರಬೇಕಂತಲ್ಲ, ಅಲ್ಲಿಯವರೆಗೆ ಏನು ಗತಿ? ನಮ್ಮ ಚಿತ್ತಿರೆ ತಿಂಗಳ ಬಿಸಿಲಿನಲ್ಲಿ ಅದಕ್ಕೆ ಚಾರ್ಜ್ ಹಾಕಬಹುದೇ? ಸುಡುವ ಮಧ್ಯಾಹ್ನ ವಿಮಾನ ಏಳಲು ಇನ್ನೂ ಉದ್ದದ ರನ್‌ವೇ ಬೇಕಾಗುತ್ತದಲ್ಲ, ನಮ್ಮದು ಸಾಲುತ್ತದೆಯೇ? ಅದನ್ನು ಹೊತ್ತು ತರುವ ಟ್ರೈಲರ್ ನಮ್ಮ ಗೇಟಿನಲ್ಲಿ ತಿರುಗುತ್ತದೆಯೇ? ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನೀವು ರೆಕ್ಕೆ ಹಿಡಿದರೆ ಸಾಕು ಎಂದು ಮೋಹನ್‌ರಾಜ್ ನಕ್ಕು ತಮಿಳಿನಲ್ಲಿ ಹೇಳಿದರು. ಕ್ಲಬ್ಬಿನ ನಾಲ್ಕು ಜನ ದೊಡ್ಡವರು ಹತ್ತು ಫೋಟೋ, ಒಂದು ವಿಡಿಯೋ ನೋಡಿ ವಿಮಾನ ಕೊಂಡರು.

ಬಂದ ದಿನವೇ ಟ್ರೈಲರ್ ಗೇಟಿನ ಕಂಬವನ್ನು ಕಿತ್ತುಕೊಂಡು ಒಳಬಂತು. ಬ್ಯಾಟರಿ ಮುದಿಯಾಗಿತ್ತು. ಕಾಗದದಲ್ಲಿ ಬರೆದ ಎತ್ತರದ ಅರ್ಧಕ್ಕೇ ಅದರ ಉಸಿರು ನಿಲ್ಲುತ್ತಿತ್ತು. ತಗಡಿನ ಕೋಣೆ ಹಂಚಿನಂತೆ ಕಾಯುವುದರಿಂದ, ಪಳನಿಯಮ್ಮ ತಾವೇ ಏಣಿ ಹತ್ತಿ ಮಾಡಿಗೆ ಸುಣ್ಣ ಬಳಿದರು. ಹೊತ್ತೇರಿದ ಮೇಲೆ ಚಾರ್ಜ್ ಹಾಕಿದರೆ ಅಪಾಯವೆಂದು, ತಂಪು ಹೊತ್ತಿನಲ್ಲೇ ಕೆಲಸ ಮುಗಿಸಲು ಮೂರೂವರೆಗೆ ಏಳತೊಡಗಿದರು. ಕರೆಂಟು ಹೋದ ದಿನ ಆ ಲೆಕ್ಕವೂ ತಪ್ಪುತ್ತದೆ.

ಮೊದಲ ಬೇಸಿಗೆಯಲ್ಲೇ ಒಬ್ಬ ಸದಸ್ಯ ಮೇಲೆ ತೇಲುತ್ತಿದ್ದವನು ಮತ್ತೆ ಮೋಟಾರು ಚಾಲೂ ಮಾಡಲು ನೋಡಿದ. ಅದು ಮಿಸುಕಲಿಲ್ಲ. ಮರಗೆಣಸಿನ ಹೊಲದಲ್ಲಿ ಇಳಿದ, ಪುಣ್ಯಕ್ಕೆ ಬದುಕಿದ. ಟ್ರೈಲರ್ ಹೊಲದ ದಾರಿಯಲ್ಲಿ ಹೋಗದು. ಪಳನಿಯಮ್ಮ ಅಲ್ಲೇ ರೆಕ್ಕೆ ಕಳಚಿ, ಹೊಲದ ಕೂಲಿಯವರ ಜೊತೆ ರಸ್ತೆಯವರೆಗೆ ಹೊತ್ತರು. ಮರುದಿನ ಸಭೆಯಲ್ಲಿ ಪೈಲಟ್ಟಿಗೆ ಶಾಲು ಹೊದಿಸಿದರು. ಹೊತ್ತವರಿಗೆ ಒಂದು ಲೋಟ ಮಜ್ಜಿಗೆಯೂ ಇಲ್ಲ. ನಾಚಿಕೆ ಎಂಬುದು ಇದ್ದಿದ್ದರೆ ಆ ಶಾಲು ಅಲ್ಲೇ ಹರಿಯಬೇಕಿತ್ತು.

ಇವತ್ತು ಹನ್ನೊಂದು ಗಂಟೆಗೆ ಮೋಹನ್‌ರಾಜ್ ಸೇಲಂನಿಂದ ಬಂದ ಪೈಲಟ್ ಅತಿಥಿಯೊಡನೆ ಕಾರಿನಿಂದಿಳಿಯುತ್ತಾರೆ. ಬೆಳಗಿನ ಹಾರಾಟ ಮುಗಿಸಿ ಕಾದಿರುವ ಬ್ಯಾಟರಿ ಈಗಷ್ಟೇ ಕೋಣೆ ಸೇರಿದೆ. ಬೇಗ ಚಾರ್ಜ್ ಹಾಕಿ, ಇವರು ಒಂದು ಸುತ್ತು ಹಾರಲಿ ಎಂದು ಅಪ್ಪಣೆಯಾಗುತ್ತದೆ. ಪಳನಿಯಮ್ಮ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಕೂರುತ್ತಾರೆ.

"ಸೂಡಾಗೈತೆ ಸಾರ್. ತಣ್ಗಾಗೋಗಂಟ ಚಾರ್ಜ್ ಆಕಲ್ಲ. ಬೆಂಕಿ ಅತ್ಕೊಂಡ್ರೆ ನೀರಿಗೂ ನಿಲ್ಲಲ್ಲ ಅದು."

ಅತಿಥಿಯ ಮುಂದೆ ಮಾನ ಹೋಯಿತೆಂದು ಮೋಹನ್‌ರಾಜ್ ಮುಖ ಕೆಂಪಾಗುತ್ತದೆ. ಕೆಲಸ ಬೇಕೋ ಬೇಡವೋ ಎಂದೂ ಕೇಳುತ್ತಾರೆ. ಬೇಕು ಎನ್ನುತ್ತಾರೆ ಪಳನಿಯಮ್ಮ, ಕೀಲಿ ಕೊಡುವುದಿಲ್ಲ. ಕೊನೆಗೆ ಅತಿಥಿಯೇ, ಆಕೆ ಹೇಳುವುದು ಸರಿ ಎಂದು ಮರದ ನೆರಳಿಗೆ ಹೋಗುತ್ತಾನೆ.

ಕ್ಲಬ್ಬು ಈಗ ಇನ್ನೊಂದು ಹಳೆಯ ಎಲೆಕ್ಟ್ರಿಕ್ ಗ್ಲೈಡರ್ ಕೊಳ್ಳಲು ಹೊರಟಿದೆ. ಮುಂದಿನ ಸೋಮವಾರ ನೋಡಲು ಹೋಗುವವರು ಮತ್ತದೇ ನಾಲ್ಕು ಜನ. ಪಳನಿಯಮ್ಮನ ಕೋಪಕ್ಕೆ ಕಾರಣ ಅದು. ಅವರು ತಂದೆ ಅಣ್ಣಯ್ಯಪ್ಪನನ್ನು ನೆನೆಯುತ್ತಾರೆ. ಮಗ್ಗ ಹೂಡುವ ಮುಂಚೆ, ಕಾಲಿಟ್ಟು ತುಳಿಯುವ ಕುಣಿಯ ಆಳ ಗೊತ್ತುಮಾಡಲು, ತಂದೆ ನೇಯಲು ಕೂರುವವರನ್ನು ಕರೆದು ಕಾಲು ಇಳಿಬಿಡಿಸುತ್ತಿದ್ದರಂತೆ.

"ಯಾರು ಕೂತ್ಕೋತಾರೋ ಅವ್ರ ಕಾಲು ಅಳ್ದು ಕುಣಿ ತೋಡ್ತಿದ್ರು ನಮ್ಮಪ್ಪ. ಮಗ್ಗ ಯಾರ್ ಎಸ್ರಲ್ಲಾದ್ರೂ ಇರ್ಲಿ, ತುಳಿಯೋ ಕಾಲು ಯಾರ್ದು ಅಂತ ಕೇಳ್ತಿದ್ರು. ಇವ್ರು ಓದಿದೋರು. ಅಷ್ಟು ತೆರಿಯಲ್ವಾ?"

ಸಂಬಳ ಹೆಚ್ಚಿಸಿ ಎಂದು ಅವರು ಕೇಳುತ್ತಿಲ್ಲ, ಶಾಲೂ ಬೇಡ. ಸೋಮವಾರ ತಮ್ಮನ್ನೂ ಕರೆದೊಯ್ಯಬೇಕು, ಅಷ್ಟೇ. ಬ್ಯಾಟರಿಯ ಹುಟ್ಟಿದ ವರ್ಷ ನೋಡಬೇಕು, ಹಗ್ಗ ಹಿಡಿದು ಟ್ರೈಲರ್ ಅಳೆಯಬೇಕು, ರೆಕ್ಕೆಯನ್ನು ಒಮ್ಮೆ ಕಳಚಿ ಜೋಡಿಸಬೇಕು. ಹೊರಟುನಿಂತ ಮೋಹನ್‌ರಾಜ್ ಅವರನ್ನು ಕಾರಿನ ಬಾಗಿಲ ಬಳಿ ತಡೆದು ಇದನ್ನೇ ಕೇಳುತ್ತಾರೆ. ಕಾರಿನಲ್ಲಿ ಜಾಗವಿಲ್ಲ ಎಂಬ ಉತ್ತರ ಸಿಗುತ್ತದೆ.

"ಬಸ್ಸಲ್ಲಿ ಬತ್ತೀನಿ ಸಾರ್," ಎನ್ನುತ್ತಾರೆ ಪಳನಿಯಮ್ಮ. "ಅಲ್ಲಿ ನಾನು ಎತ್ತಿ ನೋಡ್ದಿರೋ ರೆಕ್ಕೇನ ಇಲ್ಲಿ ನಾನು ಎತ್ತಲ್ಲ."